ಲೋಗೇನ್‌ನನ್ನು ಒಮ್ಮೆ ಉಳಿಸಿ ನೋಡಿ

ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ (2009ರ ವಿಡಿಯೋ ಗೇಮ್) ಸೇನಾಪತಿ ಲೋಗೇನ್‌ನನ್ನು ಕೊಲ್ಲಬೇಕಾ, ಉಳಿಸಬೇಕಾ ಎಂದು ಕೇಳಿದ್ದೀರಿ. ಒಮ್ಮೆಯಾದರೂ ಉಳಿಸಿ ಆಡಿ. ಒಸ್ಟಗಾರ್‌ ಯುದ್ಧದಲ್ಲಿ ಗೋಪುರದ ಮೇಲೆ ಸಂಕೇತದ ಬೆಂಕಿ ಹೊತ್ತಿದ ಕೂಡಲೇ ಅವನು ಶತ್ರುಗಳ ಮೇಲೆ ನುಗ್ಗಬೇಕಿತ್ತು. ಅವನೋ ಸೈನ್ಯವನ್ನು ಹಿಂದಕ್ಕೆ ಕರೆದುಕೊಂಡು ಹೋದ, ರಾಜ ಕೈಲನ್ ಅಲ್ಲೇ ಸತ್ತ. ಆದರೆ ಓರ್ಲೇ ದೇಶದವರ ವಿರುದ್ಧ ಹೋರಾಡಿ ನಾಡನ್ನು ಬಿಡಿಸಿದ ಸೇನಾಪತಿ ಇವನೇ. ರಾಜ ಅದೇ ಓರ್ಲೇಯ ನೆರವು ಬಯಸಿದ್ದು ಇವನಿಗೆ ನುಂಗಲಾರದ ತುತ್ತು. ಇಲ್ಲಿಯವರೆಗೆ ಅವನ ಭಯ ಅರ್ಥವಾಗುತ್ತದೆ, ಅಲ್ವಾ? ಎಲ್ಫ್‌ ಜನಾಂಗದವರನ್ನು ಟೆವಿಂಟರ್‌ ದೇಶದ ಗುಲಾಮ ವ್ಯಾಪಾರಿಗಳಿಗೆ ಮಾರಲು ಬಿಟ್ಟದ್ದನ್ನು ಮಾತ್ರ ನಾನು ಕ್ಷಮಿಸಲಾರೆ. ಲೋಗೇನ್‌ನನ್ನು ಉಳಿಸಿದರೆ ನಿಮ್ಮ ಸಂಗಾತಿ ಅಲಿಸ್ಟರ್ ಸಿಟ್ಟಾಗಿ ತಂಡ ಬಿಟ್ಟು ಹೋಗುತ್ತಾನೆ, ಮೊದಲೇ ಸೇವ್ ಮಾಡಿಕೊಳ್ಳಿ. ಆಮೇಲೆ ಲೋಗೇನ್‌ನನ್ನು ಕ್ಯಾಂಪ್‌ನಲ್ಲಿ ಮಾತಾಡಿಸಿ. ಆಟದ ಕೊನೆಯ ಶತ್ರುವಾದ ಡ್ರ್ಯಾಗನ್ ಆರ್ಚ್‌ಡೀಮನ್‌ಗೆ ಕೊನೆಯ ಏಟು ಕೊಟ್ಟು ಪ್ರಾಣ ಬಿಡುವ ಅವಕಾಶವನ್ನೂ ಅವನಿಗೆ ಕೊಡಬಹುದು.