ಫೋನ್ ಇಡುವವರು ಯಾರು?

"ಅಪ್ಪನ ಜೊತೆ ಏನು ಮಾತಾಡಬೇಕೋ ಗೊತ್ತಾಗಲ್ಲ." ಇದೇ ಸಂಕಟ ಹೇಳಿಕೊಂಡು ನನ್ನ ಬಳಿ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಅವರಲ್ಲಿ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ 35ರ ಆಸುಪಾಸು. ಬೆಂಗಳೂರಿನಲ್ಲಿ ಕೆಲಸ. ಮಲೆನಾಡಿನ ತೋಟದ ಮನೆಯಲ್ಲಿ ಅಪ್ಪ ಒಬ್ಬರೇ. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಮೊದಲೆಲ್ಲ ಫೋನಿನಲ್ಲಿ ಮಾತಾಡುತ್ತಿದ್ದುದು ಅಮ್ಮನೇ. ಈಗ ಭಾನುವಾರ "ಊಟ ಆಯ್ತಾ, ಮಳೆ ಬಂತಾ" ಆದ ಮೇಲೆ ಮಾತೇ ಇಲ್ಲ. ಏನೇನು ಕೇಳಬಹುದು ಅಂತ ಒಂದು ಪಟ್ಟಿ ಮಾಡಿಕೊಡಿ ಅಂದರು.

ಎರಡನೇ ಭೇಟಿಯಲ್ಲಿ ಕೇಳಿದೆ, "ಫೋನ್ ಯಾರು ಇಡೋದು?"

"ನಾನೇ ಮೇಡಂ."

"ಅವರು?"

"ಇಡಲ್ಲ. ಸುಮ್ನೆ ಹಿಡ್ಕೊಂಡಿರ್ತಾರೆ. ಉಸಿರು ಕೇಳಿಸ್ತಿರುತ್ತೆ. ನನಗೇ ಒಂಥರಾ ಆಗಿ, ಸರಿ ಅಪ್ಪ ಇಡ್ತೀನಿ ಅಂತೀನಿ."

ಅಷ್ಟು ಹೇಳಿ ಕಿಟಕಿ ಕಡೆ ನೋಡುತ್ತಾ ಕೂತರು. ನಾನು ಏನೂ ಕೇಳಲಿಲ್ಲ. ಕೇಳಬೇಕು ಅನ್ನಿಸಿದ್ದು ನಿಜ. ಇಷ್ಟು ವರ್ಷವಾದರೂ ಆ ಗಳಿಗೆ ನನಗೆ ಸುಲಭವಲ್ಲ. ಎರಡು ನಿಮಿಷವಾದರೂ ಕಳೆದಿರಬೇಕು. ಆಮೇಲೆ ಮೆಲ್ಲಗೆ ಅಂದರು, "ಅವರಿಗೆ ನಾನು ಇಡೋದು ಬೇಡವಾಗಿತ್ತು, ಅಲ್ವಾ?"

ಆಕೆಯದು ತಪ್ಪಲ್ಲ. ಮಾತಿನ ನಡುವೆ ಬರೀ 4 ಸೆಕೆಂಡ್ ಮೌನ ಬಂದರೂ ನಾವು ಇವರಿಗೆ ಬೇಡವಾದೆವೇನೋ ಅನ್ನಿಸುತ್ತದೆ ಎಂದು 2011ರ ಒಂದು ಡಚ್ ಅಧ್ಯಯನ ತೋರಿಸಿತ್ತು. ಫೋನಿನಲ್ಲಂತೂ ಮುಖವೂ ಕಾಣುವುದಿಲ್ಲ.

ಪಟ್ಟಿ ಯಾಕೆ ಕೊಡಲಿಲ್ಲ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಕೊಟ್ಟಿದ್ದರೆ ಮಗಳು ಅಪ್ಪನ ಸಂದರ್ಶನ ಮಾಡಿದ ಹಾಗಾಗುತ್ತಿತ್ತು. ಮೌನವನ್ನೆಲ್ಲ ನಾನು ಒಳ್ಳೆಯದು ಅನ್ನುವುದಿಲ್ಲ. ಮಾತು ಬಿಟ್ಟವರ ಮೌನದಲ್ಲಿ ಸಿಟ್ಟಿರುತ್ತದೆ. ಖಿನ್ನತೆಯ ಮೌನವೂ ಇದೆ. ಅದಕ್ಕೇ ಅಪ್ಪನ ಊಟ, ನಿದ್ದೆ ಹೇಗಿದೆ, ತೋಟಕ್ಕೆ ಹೋಗ್ತಾರಾ, ನೆರೆಯವರ ಜೊತೆ ಬೆರೀತಾರಾ ಅಂತ ಮೊದಲೇ ವಿಚಾರಿಸಿದ್ದೆ. ಅಲ್ಲಿ ಎಡವಟ್ಟು ಕಂಡಿದ್ದರೆ ವೈದ್ಯರ ಬಳಿ ಕಳಿಸುತ್ತಿದ್ದೆ. ಅವರು ಮೊದಲಿಂದಲೂ ಮಿತಭಾಷಿ, ಅಷ್ಟೇ.

ನಾನು ಹೇಳಿದ್ದು ಇಷ್ಟು. ಅಡಿಕೆ ಸುಲಿಯುವ ಹೊತ್ತಿಗೆ ಊರಿಗೆ ಹೋಗಿ. ಅಪ್ಪನ ಪಕ್ಕ ಕೂತು ನೀವೂ ಸುಲಿಯಿರಿ. ಕೈಗೆ ಕೆಲಸವಿದ್ದಾಗ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲೇಬೇಕು ಅನ್ನುವ ಒತ್ತಾಯ ಇರುವುದಿಲ್ಲ. ಮಾತು ಬಂದರೆ ಬರಲಿ. ಫೋನ್ ಮಾಡಿದಾಗ, "ಅಪ್ಪಾ, ನಾನು ಸೊಪ್ಪು ಬಿಡಿಸ್ತಾ ಇದೀನಿ, ಸ್ಪೀಕರಲ್ಲಿ ಇಟ್ಟಿರ್ತೀನಿ" ಅಂತ ಮೊದಲೇ ಹೇಳಿಬಿಡಿ. ಆಗ ಸುಮ್ಮನಿದ್ದರೂ ಇಬ್ಬರಿಗೂ ಗಾಬರಿಯಾಗುವುದಿಲ್ಲ.

ಮೊದಲ ಎರಡು ಭಾನುವಾರ ಕಷ್ಟವಾಯಿತಂತೆ. ಮೂರನೆಯ ವಾರ ತುಂಬ ಹೊತ್ತು ಸುಮ್ಮನಿದ್ದ ಅಪ್ಪ ತಾವಾಗಿಯೇ ಕೇಳಿದರಂತೆ, "ಇವತ್ತು ಯಾವ ಸೊಪ್ಪೇ?"