ಗ್ರೀನ್ ಟೀ ಕುಡಿದರೆ ತೂಕ ಇಳಿಯುತ್ತದೆಯೇ? ಅದರ ಸಾರದ ಕ್ಯಾಪ್ಸೂಲ್ ತೆಗೆದುಕೊಳ್ಳಬಹುದೇ?

ಮೂರು ತಿಂಗಳಿನಿಂದ ದಿನಕ್ಕೆ ನಾಲ್ಕು ಲೋಟ ಗ್ರೀನ್ ಟೀ ಕುಡಿಯುತ್ತಿದ್ದರೂ ತೂಕ ಇಳಿದಿಲ್ಲವೆಂದೂ, ಇನ್ನು ಲೋಟಗಳ ಸಂಖ್ಯೆಯನ್ನು ಹೆಚ್ಚಿಸಬೇಕೋ ಅಥವಾ ಅದರ ಸಾರವನ್ನು ತುಂಬಿದ ಕ್ಯಾಪ್ಸೂಲ್ ನುಂಗಬೇಕೋ ಎಂಬ ಗೊಂದಲವಿದೆಯೆಂದೂ ನೀವು ಬರೆದಿದ್ದೀರಿ. ನನ್ನ ಸಲಹೆ ಎರಡೂ ಬೇಡವೆಂಬುದೇ. ನಾನು ಔಷಧಶಾಸ್ತ್ರವನ್ನು ಬೋಧಿಸುವವನು, ರೋಗಿಗಳನ್ನು ನೋಡುವ ವೈದ್ಯನಲ್ಲ. ಆದ್ದರಿಂದ ನಿಮ್ಮ ದೇಹಸ್ಥಿತಿಯ ಬಗ್ಗೆ ತೀರ್ಪು ಕೊಡಲಾರೆ. ಈ ಎಲೆಯೊಳಗಿನ ರಾಸಾಯನಿಕಗಳು ಏನು ಮಾಡಬಲ್ಲವು, ಎಷ್ಟು ಮಾಡಬಲ್ಲವು ಎಂಬುದನ್ನು ಮಾತ್ರ ಹೇಳಬಲ್ಲೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಆ ‘ಎಷ್ಟು’ ಎಂಬುದರಲ್ಲಿಯೇ.

ಗ್ರೀನ್ ಟೀ ಮತ್ತು ಸಾಮಾನ್ಯ ಕಪ್ಪು ಚಹಾ ಎರಡೂ ಒಂದೇ ಗಿಡದ ಎಲೆಗಳು. ಕೊಯ್ದ ಎಲೆಯನ್ನು ಬೇಗನೆ ಆವಿಯಲ್ಲಿ ಬೇಯಿಸಿದರೆ ಅಥವಾ ಬಾಣಲೆಯಲ್ಲಿ ಹುರಿದರೆ ಅದರೊಳಗಿನ ಕಿಣ್ವಗಳು ನಿಷ್ಕ್ರಿಯವಾಗಿ, ಕ್ಯಾಟೆಚಿನ್ ಎಂಬ ಒಗರು ಪದಾರ್ಥಗಳು ಹಾಗೆಯೇ ಉಳಿಯುತ್ತವೆ. ಕಪ್ಪು ಚಹಾದಲ್ಲಿ ಅವುಗಳ ಬಹುಪಾಲು ಉತ್ಕರ್ಷಣಗೊಂಡು ಬೇರೆ ರೂಪ ತಾಳುತ್ತದೆ. ಈ ಕ್ಯಾಟೆಚಿನ್‌ಗಳಲ್ಲಿ ಹೇರಳವಾಗಿರುವುದು ಇಜಿಸಿಜಿ ಎಂಬುದು. ತೂಕ ಇಳಿಕೆಯ ಮಾತು ಬಂದಾಗಲೆಲ್ಲ ಹೆಸರು ಕೇಳಿಬರುವುದೂ ಅದರದ್ದೇ. ಅದು ಕೆಲಸ ಮಾಡುತ್ತದೆಂದು ಊಹಿಸಲಾಗಿರುವ ಬಗೆ ಹೀಗಿದೆ. ಕೊಬ್ಬನ್ನು ಕರಗಿಸಿ ಬಳಸುವಂತೆ ಅಂಗಾಂಶಗಳಿಗೆ ಸೂಚನೆ ನೀಡುವ ನಾರ್‌ಅಡ್ರಿನಲಿನ್ ಎಂಬ ಪದಾರ್ಥವನ್ನು ಒಡೆದುಹಾಕುವ ಒಂದು ಕಿಣ್ವ ನಮ್ಮ ದೇಹದಲ್ಲಿದೆ. ಇಜಿಸಿಜಿ ಆ ಕಿಣ್ವವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಅದೇ ಸೂಚನೆಯನ್ನು ಜೀವಕೋಶದ ಒಳಗೆ ನಂದಿಸುವ ಮತ್ತೊಂದು ಕಿಣ್ವವನ್ನು ಕೆಫೀನ್ ತಡೆಯುತ್ತದೆ. ಎರಡೂ ಸೇರಿದಾಗ ಸೂಚನೆ ಹೆಚ್ಚು ಹೊತ್ತು ಉಳಿದು, ದೇಹ ಸುಮ್ಮನಿದ್ದಾಗಲೂ ತುಸು ಹೆಚ್ಚು ಶಕ್ತಿಯನ್ನು ವ್ಯಯಿಸಬೇಕು. ತರ್ಕದಲ್ಲಿ ದೋಷವಿಲ್ಲ. ಆದರೆ ಪರೀಕ್ಷಾ ನಳಿಕೆಯಲ್ಲಿ ಕಿಣ್ವವನ್ನು ತಡೆಯಲು ಬೇಕಾಗುವ ಪ್ರಮಾಣಕ್ಕೂ ಒಂದು ಲೋಟ ಕುಡಿದ ಮೇಲೆ ರಕ್ತವನ್ನು ನಿಜವಾಗಿ ಸೇರುವ ಪ್ರಮಾಣಕ್ಕೂ ಬಹಳ ಅಂತರವಿದೆ. ಇಜಿಸಿಜಿಯ ಅತ್ಯಲ್ಪ ಭಾಗ ಮಾತ್ರ ಕರುಳಿನ ಗೋಡೆಯನ್ನು ದಾಟಿ ಒಳಹೋಗುತ್ತದೆ.

ಈ ನಂಬಿಕೆಗೆ ಬಲ ಬಂದದ್ದು 1999ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗದಿಂದ. ಜಿನೀವಾದ ಸಂಶೋಧಕರು ಹತ್ತು ಮಂದಿ ಆರೋಗ್ಯವಂತ ಪುರುಷರನ್ನು, ಶಕ್ತಿವ್ಯಯವನ್ನು ಅಳೆಯುವ ಕೊಠಡಿಯಲ್ಲಿ ಒಂದು ಹಗಲು, ಒಂದು ರಾತ್ರಿ ಇರಿಸಿ, ದಿನಕ್ಕೆ ಮೂರು ಬಾರಿ ಗ್ರೀನ್ ಟೀ ಸಾರ ಕೊಟ್ಟರು. ಒಟ್ಟಾರೆ 270 ಮಿಲಿಗ್ರಾಂ ಇಜಿಸಿಜಿ ಮತ್ತು 150 ಮಿಲಿಗ್ರಾಂ ಕೆಫೀನ್ ಅವರ ಹೊಟ್ಟೆ ಸೇರಿತು. ಸಾರವಿಲ್ಲದ ದಿನಕ್ಕೆ ಹೋಲಿಸಿದರೆ 24 ಗಂಟೆಗಳ ಶಕ್ತಿವ್ಯಯ ಶೇಕಡಾ 4ರಷ್ಟು ಹೆಚ್ಚಾಯಿತು. ಅಷ್ಟೇ ಕೆಫೀನನ್ನು ಒಂದನ್ನೇ ಕೊಟ್ಟಾಗ ಆ ಹೆಚ್ಚಳ ಕಾಣಿಸಲಿಲ್ಲ. ಅಚ್ಚುಕಟ್ಟಾದ ಪ್ರಯೋಗವದು. ಆದರೆ ಅದು ಅಳೆದದ್ದು ಶಕ್ತಿವ್ಯಯವನ್ನು, ತೂಕವನ್ನಲ್ಲ. ಅದೂ ಹತ್ತು ಜನರಲ್ಲಿ, ಒಂದೊಂದು ದಿನದ ಮಟ್ಟಿಗೆ. ‘ಗ್ರೀನ್ ಟೀ ಕೊಬ್ಬನ್ನು ಸುಡುತ್ತದೆ’ ಎಂಬ ಜಾಹೀರಾತಿನ ವಾಕ್ಯಕ್ಕೆ ಬೇಕಾದ ಬಂಡವಾಳವೆಲ್ಲ ಅಲ್ಲಿಂದ ಸಿಕ್ಕಿತು, ಪ್ರಯೋಗದ ಮಿತಿಗಳು ಮಾತ್ರ ಜಾಹೀರಾತಿನೊಳಗೆ ಬರಲೇ ಇಲ್ಲ.

ಶೇಕಡಾ 4 ಎಂದರೆ ಎಷ್ಟು? ದಿನಕ್ಕೆ 2,000 ಕ್ಯಾಲೊರಿ ವ್ಯಯಿಸುವ ವ್ಯಕ್ತಿಗೆ 80 ಕ್ಯಾಲೊರಿ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ ಎಂಬ ರೂಢಿಯ ಲೆಕ್ಕವನ್ನು ಒಪ್ಪಿದರೆ, ನಿಮ್ಮ ಮೂರು ತಿಂಗಳಲ್ಲಿ ಕಾಗದದ ಮೇಲೆ ಒಂದು ಕಿಲೋಗೆ ಸ್ವಲ್ಪ ಕಡಿಮೆ ಇಳಿದಿರಬೇಕು. ಅಷ್ಟಾದರೂ ಏಕೆ ಇಳಿಯಲಿಲ್ಲವೆಂದರೆ, ದೇಹ ಇಂತಹ ಸಣ್ಣ ನಷ್ಟಗಳನ್ನು ನಮಗೆ ತಿಳಿಯದಂತೆಯೇ ತುಂಬಿಕೊಳ್ಳುತ್ತದೆ. ಹಸಿವು ತುಸು ಹೆಚ್ಚಾಗುತ್ತದೆ, ಓಡಾಟ ತುಸು ಕಡಿಮೆಯಾಗುತ್ತದೆ, ಕೆಫೀನಿಗೆ ನರವ್ಯೂಹ ಒಗ್ಗಿಕೊಳ್ಳುತ್ತದೆ. 80 ಕ್ಯಾಲೊರಿ ಎಂಬುದು ಊಟದ ತಟ್ಟೆಗೆ ಎರಡು ತುತ್ತು ಹೆಚ್ಚಾಗಿ ಬಿದ್ದರೆ ಅಳಿಸಿಹೋಗುವ ಮೊತ್ತ. ಜೊತೆಗೆ, ನೀರು ಮತ್ತು ಉಪ್ಪಿನ ಏರಿಳಿತದಿಂದಲೇ ತೂಕ ದಿನದಿಂದ ದಿನಕ್ಕೆ ಒಂದೆರಡು ಕಿಲೋ ಆಚೀಚೆ ಆಗುವುದರಿಂದ, ಒಂದು ವೇಳೆ ಅರ್ಧ ಕಿಲೋ ಇಳಿದಿದ್ದರೂ ತಕ್ಕಡಿಯ ಮೇಲೆ ಅದನ್ನು ನೀವು ಗುರುತಿಸಲಾರಿರಿ.

ನಿಜವಾಗಿ ತೂಕವನ್ನೇ ಅಳೆದ ಪ್ರಯೋಗಗಳು ಏನು ಹೇಳುತ್ತವೆ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಎಂಬ ಸಂಸ್ಥೆಯ 2012ರ ವಿಮರ್ಶೆಗೆ. ಅಧಿಕ ತೂಕದ ಅಥವಾ ಬೊಜ್ಜಿರುವ ವಯಸ್ಕರಿಗೆ ಸುಮಾರು ಮೂರು ತಿಂಗಳ ಕಾಲ ಗ್ರೀನ್ ಟೀ ಉತ್ಪನ್ನ ಕೊಟ್ಟ ಪ್ರಯೋಗಗಳನ್ನು ಅದು ಒಟ್ಟುಗೂಡಿಸಿತು. ಜಪಾನಿನ ಹೊರಗೆ ನಡೆದ ಆರು ಪ್ರಯೋಗಗಳಲ್ಲಿ, 532 ಮಂದಿಯಲ್ಲಿ, ಗ್ರೀನ್ ಟೀ ಪಡೆದವರಿಗೂ ಪಡೆಯದವರಿಗೂ ನಡುವಿನ ಸರಾಸರಿ ವ್ಯತ್ಯಾಸ 0.04 ಕಿಲೋ, ಅಂದರೆ 40 ಗ್ರಾಂ. ಜಪಾನಿನಲ್ಲಿ ನಡೆದ ಎಂಟು ಪ್ರಯೋಗಗಳಲ್ಲಿ ಇಳಿಕೆ 0.2ರಿಂದ 3.5 ಕಿಲೋವರೆಗೆ ಚದುರಿತ್ತು; ಒಂದಕ್ಕೊಂದು ಹೋಲದ ಪ್ರಯೋಗಗಳಾದ್ದರಿಂದ ಅವುಗಳ ಸರಾಸರಿ ತೆಗೆಯಲು ವಿಮರ್ಶಕರು ಒಪ್ಪಲಿಲ್ಲ. ಇಳಿಸಿದ ತೂಕವನ್ನು ಹಾಗೆಯೇ ಉಳಿಸಿಕೊಳ್ಳುವುದಕ್ಕೂ ಗ್ರೀನ್ ಟೀ ಗಮನಾರ್ಹ ನೆರವು ನೀಡಿದಂತೆ ಅವರಿಗೆ ಕಾಣಲಿಲ್ಲ. ಇದಕ್ಕಿಂತ ಆಶಾದಾಯಕವಾದ ವಿಶ್ಲೇಷಣೆಯೂ ಇದೆಯೆಂಬುದನ್ನು ಮುಚ್ಚಿಡುವುದು ಸರಿಯಲ್ಲ. 2009ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ಹನ್ನೊಂದು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಸರಾಸರಿ 1.31 ಕಿಲೋ ಅನುಕೂಲ ಕಂಡಿತು. ಅದರಲ್ಲಿ ನನ್ನ ಗಮನ ಸೆಳೆದ ಅಂಶ ಬೇರೆಯೇ ಇದೆ: ಮೊದಲೇ ಕಡಿಮೆ ಕೆಫೀನ್ ಸೇವಿಸುತ್ತಿದ್ದವರಲ್ಲಿ ಪರಿಣಾಮ ಹೆಚ್ಚಾಗಿಯೂ, ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಸೇವಿಸುತ್ತಿದ್ದವರಲ್ಲಿ ನಗಣ್ಯವಾಗಿಯೂ ಇತ್ತು. ನೀವು ಈಗಾಗಲೇ ದಿನಕ್ಕೆ ಮೂರು ನಾಲ್ಕು ಲೋಟ ಕಾಫಿ ಕುಡಿಯುವವರಾಗಿದ್ದರೆ ಆ ಚಿಕ್ಕ ಲಾಭವೂ ನಿಮ್ಮ ಪಾಲಿಗಿಲ್ಲ ಎಂದುಕೊಳ್ಳಬಹುದು. ಎರಡು ವಿಶ್ಲೇಷಣೆಗಳಲ್ಲಿ ಯಾವುದನ್ನು ನಂಬಿದರೂ ಫಲಿತಾಂಶ ಬಿದ್ದಿರುವುದು ಶೂನ್ಯಕ್ಕೂ ಒಂದೂಕಾಲು ಕಿಲೋಗೂ ನಡುವೆ.

ವ್ಯಾಪಾರಿಗಳಿಗೂ ಈ ಲೆಕ್ಕ ಗೊತ್ತು. 2006ರ ಕೊನೆಯ ವೇಳೆಗೆ ಅಮೆರಿಕದಲ್ಲಿ ಎನ್ವಿಗಾ ಎಂಬ ಗ್ರೀನ್ ಟೀ ಪಾನೀಯ ಮಾರುಕಟ್ಟೆಗೆ ಬಂತು. ದಿನಕ್ಕೆ ಮೂರು ಡಬ್ಬಿ ಕುಡಿದರೆ 60ರಿಂದ 100 ಕ್ಯಾಲೊರಿ ಸುಡುತ್ತದೆ ಎಂಬುದು ಅದರ ಘೋಷಣೆ. ಹಲವು ರಾಜ್ಯಗಳ ಅಟಾರ್ನಿ ಜನರಲ್‌ಗಳು, ಅಂದರೆ ಸರ್ಕಾರದ ಮುಖ್ಯ ಕಾನೂನು ಅಧಿಕಾರಿಗಳು, ಈ ಮಾತನ್ನು ಪ್ರಶ್ನಿಸಿದರು. 2009ರಲ್ಲಿ ತಯಾರಕರು ಹಣ ತೆತ್ತು ರಾಜಿ ಮಾಡಿಕೊಂಡರು. ಘೋಷಣೆ ಅಕ್ಷರಶಃ ನಿಜವೆಂದೇ ಇಟ್ಟುಕೊಂಡರೂ, ಮೂರು ಡಬ್ಬಿ ಕುಡಿಯುವ ಶ್ರಮಕ್ಕಿಂತ ಇಪ್ಪತ್ತು ನಿಮಿಷ ಚುರುಕಾಗಿ ನಡೆಯುವ ಶ್ರಮ ಹೆಚ್ಚೇನೂ ಅಲ್ಲವೆಂದು ನನಗೆ ಅನ್ನಿಸುತ್ತದೆ.

ಹಾಗಿದ್ದರೆ ಗ್ರೀನ್ ಟೀಯಿಂದ ತೂಕ ಇಳಿಯಿತೆಂದು ಹೇಳುವವರೆಲ್ಲ ಸುಳ್ಳಾಡುತ್ತಿದ್ದಾರೆಯೇ? ಇಲ್ಲ. ಅವರಲ್ಲಿ ಅನೇಕರು ಹೇಳುವುದು ನಿಜ, ಕಾರಣವನ್ನು ಮಾತ್ರ ಬೇರೆ ಕಡೆ ಹುಡುಕಬೇಕು. ಒಂದು ಲೋಟ ಬರಿಯ ಗ್ರೀನ್ ಟೀಯಲ್ಲಿ ಎರಡು ಮೂರು ಕ್ಯಾಲೊರಿಗಿಂತ ಹೆಚ್ಚಿಲ್ಲ. ನೂರು ಮಿಲಿಲೀಟರ್ ಕೆನೆಭರಿತ ಹಾಲು ಮತ್ತು ಎರಡು ಚಮಚ ಸಕ್ಕರೆ ಬೆರೆಸಿದ ಲೋಟವೊಂದರಲ್ಲಿ ಸುಮಾರು ನೂರು ಕ್ಯಾಲೊರಿ ಇರುತ್ತದೆ. ಅಂತಹ ಮೂರು ಲೋಟಗಳ ಬದಲಿಗೆ ಬರಿಯ ಗ್ರೀನ್ ಟೀ ಕುಡಿದವರು ದಿನಕ್ಕೆ ಸುಮಾರು ಮುನ್ನೂರು ಕ್ಯಾಲೊರಿಯನ್ನು ಕೈಬಿಟ್ಟಿರುತ್ತಾರೆ. ಕ್ಯಾಟೆಚಿನ್‌ಗಳ ಪರಿಣಾಮಕ್ಕೆ ಇದು ನಾಲ್ಕು ಪಟ್ಟು. ಬಾಟಲಿಯ ಸಿಹಿ ಪಾನೀಯಗಳನ್ನು ಬಿಟ್ಟವರ ಲಾಭ ಇನ್ನೂ ಹೆಚ್ಚು. ಬರಿಯ ನೀರು ಕುಡಿದಿದ್ದರೂ ಅವರ ತೂಕ ಇಳಿಯುತ್ತಿತ್ತು, ಆದರೆ ಬಾಯಿಗೆ ಏನಾದರೂ ಬಿಸಿಯಾಗಿ, ರುಚಿಯಾಗಿ ಬೇಕೆನ್ನುವವರಿಗೆ ನೀರು ಬದಲಿಯಾಗಲಾರದು. ಅಲ್ಲಿ ಗ್ರೀನ್ ಟೀಗೆ ನ್ಯಾಯವಾದ ಸ್ಥಾನವಿದೆ. ನಿಮ್ಮ ನಾಲ್ಕು ಲೋಟಗಳು ಯಾವುದರ ಬದಲಿಗೆ ಬಂದವು ಎಂಬುದನ್ನು ನೀವು ಬರೆದಿಲ್ಲ. ಹಿಂದೆ ಕುಡಿಯುತ್ತಿದ್ದುದನ್ನು ಹಾಗೆಯೇ ಉಳಿಸಿಕೊಂಡು ಅದರ ಮೇಲೆ ಇವನ್ನು ಸೇರಿಸಿದ್ದರೆ, ತೂಕ ಕದಲದಿರುವುದರಲ್ಲಿ ಆಶ್ಚರ್ಯವಿಲ್ಲ. ಜೇನುತುಪ್ಪ ಬೆರೆಸುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ದೊಡ್ಡ ಚಮಚ ಜೇನಿನಲ್ಲಿ ಅರವತ್ತಕ್ಕೂ ಹೆಚ್ಚು ಕ್ಯಾಲೊರಿ ಇದೆ, ಜೇನು ಕೊಬ್ಬನ್ನು ಕರಗಿಸುತ್ತದೆಂಬ ಮಾತಿಗೆ ಆಧಾರವಿಲ್ಲ. ನಿಂಬೆರಸವನ್ನು ಧಾರಾಳವಾಗಿ ಹಿಂಡಬಹುದು, ರುಚಿ ಹೆಚ್ಚುತ್ತದೆ.

‘ಹೊಟ್ಟೆಯ ಬೊಜ್ಜನ್ನೇ ಗುರಿಯಿಟ್ಟು ಕರಗಿಸುವ’ ಅಥವಾ ‘ವಿಷ ಹೊರಹಾಕುವ’ ಚಹಾಗಳ ವಿಚಾರದಲ್ಲಿ ಒಂದೇ ಎಚ್ಚರಿಕೆ ಸಾಕು. ಅಂತಹ ಮಿಶ್ರಣಗಳಲ್ಲಿ ಹಲವಕ್ಕೆ ಸೋನಾಮುಖಿ ಎಲೆ ಸೇರಿಸಿರುತ್ತಾರೆ, ಅದು ವಿರೇಚಕ. ಮರುದಿನ ತಕ್ಕಡಿ ತೋರಿಸುವ ಇಳಿಕೆ ನೀರಿನದ್ದು ಮತ್ತು ಮಲದ್ದು.

ಈಗ ಕ್ಯಾಪ್ಸೂಲಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಉತ್ತರ ಬರೆಯಲು ಕೂರಿಸಿದ ಭಾಗ ಇದು. ಕುಡಿಯುವ ಗ್ರೀನ್ ಟೀ ಮತ್ತು ಅದರ ಸಾರ, ಒಂದೇ ಎಲೆಯಿಂದ ಬಂದರೂ, ದೇಹದ ದೃಷ್ಟಿಯಲ್ಲಿ ಒಂದೇ ಅಲ್ಲ. ಲೋಟದಲ್ಲಿ ಕುಡಿದಾಗ ಕ್ಯಾಟೆಚಿನ್‌ಗಳು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಬರುತ್ತವೆ. ಕ್ಯಾಪ್ಸೂಲಿನಲ್ಲಿ ನೂರಾರು ಮಿಲಿಗ್ರಾಂ ಒಮ್ಮೆಗೇ ಬೀಳುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಇನ್ನೂ ಏರುತ್ತದೆ. ತೂಕ ಇಳಿಸಲು ಹೊರಟವರು ಊಟ ಬಿಟ್ಟು ಮಾತ್ರೆ ನುಂಗುವುದೇ ಹೆಚ್ಚೆಂಬುದನ್ನು ನೆನೆದರೆ ಇದರ ಅಪಾಯ ಅರ್ಥವಾದೀತು. ಗ್ರೀನ್ ಟೀಯ ಪ್ರಬಲ ಸಾರವಿದ್ದ ಎಕ್ಸೊಲೈಸ್ ಎಂಬ ತೂಕ ಇಳಿಕೆಯ ಉತ್ಪನ್ನವನ್ನು, ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾದ ಮೇಲೆ, 2003ರಲ್ಲಿ ಫ್ರಾನ್ಸ್ ಮತ್ತು ಸ್ಪೇನಿನ ಮಾರುಕಟ್ಟೆಗಳಿಂದ ಹಿಂದಕ್ಕೆ ಪಡೆಯಲಾಯಿತು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಈ ವಿಷಯವನ್ನು ಪರಿಶೀಲಿಸಿ, ಕುಡಿಯುವ ಗ್ರೀನ್ ಟೀ ಸಾಮಾನ್ಯವಾಗಿ ಸುರಕ್ಷಿತವೆಂದೂ, ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ತೆಗೆದುಕೊಂಡಾಗ ಯಕೃತ್ತಿನ ಹಾನಿಯನ್ನು ಸೂಚಿಸುವ ಕಿಣ್ವಗಳು ರಕ್ತದಲ್ಲಿ ಏರುತ್ತವೆಯೆಂದೂ ಹೇಳಿತು. 2022ರಲ್ಲಿ ಐರೋಪ್ಯ ಒಕ್ಕೂಟ ಆ ಮಟ್ಟವನ್ನೇ ಕಾನೂನಿನ ಗಡಿಯಾಗಿಸಿ, ಖಾಲಿ ಹೊಟ್ಟೆಯಲ್ಲಿ ಸೇವಿಸಬಾರದೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಕಡ್ಡಾಯ ಮಾಡಿತು.

ಈ ಹಾನಿ ಎಲ್ಲರಿಗೂ ಆಗುವುದಿಲ್ಲ, ಬಹಳ ಅಪರೂಪ. ಕೆಲವರಲ್ಲಿರುವ ಒಂದು ನಿರ್ದಿಷ್ಟ ವಂಶವಾಹಿ ರೂಪಕ್ಕೂ ಇಂತಹ ಯಕೃತ್ತಿನ ಹಾನಿಗೂ ನಂಟಿರುವುದು ಅಮೆರಿಕದ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಅದು ತಮ್ಮಲ್ಲಿದೆಯೋ ಇಲ್ಲವೋ ಎಂಬುದು ಯಾರಿಗೂ ಹೊರನೋಟಕ್ಕೆ ತಿಳಿಯುವಂಥದ್ದಲ್ಲ. ಹೆಚ್ಚೆಂದರೆ ಒಂದೂಕಾಲು ಕಿಲೋ ಲಾಭಕ್ಕಾಗಿ, ಅದೂ ಸಂದೇಹಾಸ್ಪದ ಲಾಭಕ್ಕಾಗಿ, ಅಪರೂಪವಾದರೂ ಗಂಭೀರವಾದ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ನನ್ನ ಲೆಕ್ಕದಲ್ಲಿ ನಷ್ಟದ ವ್ಯವಹಾರ. ಈಗಾಗಲೇ ಆರಂಭಿಸಿದ್ದರೆ ನಿಲ್ಲಿಸಿ. ಹೊಟ್ಟೆಯ ಬಲಭಾಗದಲ್ಲಿ ನೋವು, ಗಾಢ ಬಣ್ಣದ ಮೂತ್ರ, ಕಣ್ಣು ಅಥವಾ ಚರ್ಮ ಹಳದಿಯಾಗುವುದು, ಕಾರಣವಿಲ್ಲದ ಆಯಾಸ ಕಂಡರೆ ವೈದ್ಯರ ಬಳಿ ಹೋಗಿ, ಈ ಪೂರಕ ಸೇವಿಸಿದ್ದನ್ನು ಮರೆಯದೆ ತಿಳಿಸಿ. ‘ಗಿಡಮೂಲಿಕೆಯಲ್ಲವೇ’ ಎಂದುಕೊಂಡು ಇದನ್ನು ಹೇಳದೆ ಬಿಡುವವರು ಬಹಳ ಮಂದಿ.

ಕುಡಿಯುವ ನಾಲ್ಕು ಲೋಟಗಳನ್ನು ಇಷ್ಟವಿದ್ದರೆ ಮುಂದುವರಿಸಿ. ಒಂದು ಲೋಟದಲ್ಲಿ ಸುಮಾರು 30 ಮಿಲಿಗ್ರಾಂ ಕೆಫೀನ್ ಇರುವುದರಿಂದ, ಆರೋಗ್ಯವಂತ ವಯಸ್ಕರಿಗೆ ಸುರಕ್ಷಿತವೆನ್ನಲಾದ ದಿನದ 400 ಮಿಲಿಗ್ರಾಂ ಮಿತಿಗೆ ನೀವು ಬಹಳ ದೂರದಲ್ಲಿದ್ದೀರಿ; ಗರ್ಭಿಣಿಯರಿಗೆ ಆ ಮಿತಿ 200. ಕುದಿಯುವ ನೀರನ್ನು ಸ್ವಲ್ಪ ಆರಲು ಬಿಟ್ಟು, 70–80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ನಿಮಿಷ ಮಾತ್ರ ಎಲೆಯನ್ನು ನೆನೆಸಿದರೆ ಕಹಿಯಾಗುವುದಿಲ್ಲ, ಸಕ್ಕರೆಯ ಅಗತ್ಯವೂ ಬೀಳುವುದಿಲ್ಲ. ಸಂಜೆಯ ನಂತರ ಕುಡಿದು ನಿದ್ರೆ ಕೆಡಿಸಿಕೊಳ್ಳಬೇಡಿ, ಏಕೆಂದರೆ ನಿದ್ರೆ ಕಡಿಮೆಯಾದವರಿಗೆ ಮರುದಿನ ಹಸಿವು ಹೆಚ್ಚುತ್ತದೆ. ತೂಕ ಇಳಿಯುವುದು ಮಾತ್ರ ತಟ್ಟೆಯಲ್ಲಿನ ಪ್ರಮಾಣ ಇಳಿದಾಗಲೇ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ ಅಥವಾ ಅದಕ್ಕೆ ಸಮನಾದ ಚಟುವಟಿಕೆ ಅದಕ್ಕೆ ಜೊತೆಯಾಗಬೇಕು.

ಕೊನೆಯದಾಗಿ, ಊಟದ ಜೊತೆಗೇ ಕುಡಿಯಬಹುದೇ ಎಂದೂ ಕೇಳಿದ್ದೀರಿ. ಸಸ್ಯಾಹಾರದಲ್ಲಿರುವ ಕಬ್ಬಿಣಾಂಶವನ್ನು ಕ್ಯಾಟೆಚಿನ್‌ಗಳು ಕರುಳಿನಲ್ಲಿ ಹಿಡಿದಿಟ್ಟುಕೊಂಡು ಹೀರಿಕೆಯನ್ನು ತಗ್ಗಿಸುತ್ತವೆ. ಆದ್ದರಿಂದ, ವಿಶೇಷವಾಗಿ ರಕ್ತಹೀನತೆ ಇರುವವರು, ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿಡುವುದು ಒಳ್ಳೆಯದು. ರಕ್ತದೊತ್ತಡಕ್ಕೆ ನೀಡುವ ನ್ಯಾಡೊಲಾಲ್ ಎಂಬ ಔಷಧದ ಹೀರಿಕೆಯನ್ನು ಗ್ರೀನ್ ಟೀ ಶೇಕಡಾ 85ರಷ್ಟು ಕುಗ್ಗಿಸಿದ್ದು 2014ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಎಂಬ ಔಷಧವನ್ನು ಸೇವಿಸುವವರು ಗ್ರೀನ್ ಟೀಯ ಪ್ರಮಾಣವನ್ನು ಏಕಾಏಕಿ ಹೆಚ್ಚಿಸಬಾರದು. ಇಂತಹ ಯಾವುದೇ ಔಷಧವನ್ನು ನೀವು ನಿತ್ಯ ತೆಗೆದುಕೊಳ್ಳುತ್ತಿದ್ದರೆ, ದಿನಕ್ಕೆ ಎಷ್ಟು ಲೋಟ ಕುಡಿಯುತ್ತೀರೆಂಬುದನ್ನು ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರಿಗೆ ಹೇಳಿಬಿಡಿ.