ಕಣ್ಣು ಮಿಟುಕಿಸುವಷ್ಟರಲ್ಲಿ ಅಳಿದುಹೋಗುವ ನ್ಯೂಕ್ಲಿಯಸ್‌ಗೆ ರಚನೆ ಎಂಬುದು ಇರುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಲೀಥಿಯಂ-11 (ಪ್ರೋಟಾನ್, ನ್ಯೂಟ್ರಾನ್ ಸೇರಿ 11 ಕಣಗಳು) ಎಂಬ ನ್ಯೂಕ್ಲಿಯಸ್‌ನ ಅರ್ಧಾಯುಷ್ಯ, ಅಂದರೆ ಅಂಥವುಗಳಲ್ಲಿ ಅರ್ಧದಷ್ಟು ಅಳಿಯಲು ಹಿಡಿಯುವ ಕಾಲ, ಒಂಬತ್ತು ಮಿಲಿಸೆಕೆಂಡ್ ಕೂಡ ಇಲ್ಲವಂತೆ. ಅಂಥದ್ದಕ್ಕೆ ಗಾತ್ರ, ಆಕಾರ, ರಚನೆ ಎಂದೆಲ್ಲ ಹೇಳುವುದರಲ್ಲಿ ಅರ್ಥವಿದೆಯೇ? ಇದ್ದರೆ ಅದನ್ನು ಅಳೆಯುವುದು ಹೇಗೆ? ಅಳೆದು ಆಗಬೇಕಾದದ್ದಾದರೂ ಏನು? ನಾನು ಕೆಲವು ವರ್ಷ ಇದೇ ಕೆಲಸ ಮಾಡಿದವನು. ವೇಗವರ್ಧಕದ ನಿಯಂತ್ರಣ ಕೊಠಡಿಯಲ್ಲಿ ಎಷ್ಟೋ ರಾತ್ರಿಗಳ ನಿದ್ದೆ ಬಿಟ್ಟಿದ್ದೇನೆ. ಆ ಸಲಿಗೆಯಿಂದ ಉತ್ತರಿಸುತ್ತೇನೆ.

ಮೊದಲು ಕಾಲದ ಲೆಕ್ಕ. ಒಂಬತ್ತು ಮಿಲಿಸೆಕೆಂಡ್ ಅಲ್ಪಾಯುಷ್ಯವಾಗಿ ಕಾಣುವುದು ನಮ್ಮ ಕೈಗಡಿಯಾರಕ್ಕೆ. ನ್ಯೂಕ್ಲಿಯಸ್‌ನೊಳಗೆ ಪ್ರೋಟಾನ್, ನ್ಯೂಟ್ರಾನ್‌ಗಳು ಬೆಳಕಿನ ವೇಗದ ಕಾಲು ಭಾಗಕ್ಕೆ ಹತ್ತಿರದ ವೇಗದಲ್ಲಿ ಓಡಾಡುತ್ತಿರುತ್ತವೆ. ಓಡಾಡಲು ಇರುವ ಜಾಗವೋ ಕೆಲವೇ ಫೆಮ್ಟೋಮೀಟರ್. ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ಫೆಮ್ಟೋಮೀಟರ್. ಈ ತುದಿಯಿಂದ ಆ ತುದಿಗೆ ಹೋಗಿಬರಲು ಬೇಕಾಗುವ ಕಾಲವನ್ನು ಸೆಕೆಂಡಿನಲ್ಲಿ ಬರೆದರೆ ದಶಮಾಂಶ ಬಿಂದುವಿನ ನಂತರ ಇಪ್ಪತ್ತೊಂದು ಸೊನ್ನೆ, ಆಮೇಲೆ ಒಂದು. ಅಂದರೆ ಲೀಥಿಯಂ-11 ಸಾಯುವ ಮುನ್ನ ಅದರೊಳಗಿನ ಕಣವೊಂದು ಒಂದರ ಮುಂದೆ ಇಪ್ಪತ್ತು ಸೊನ್ನೆ ಹಾಕಿದಷ್ಟು ಸಲ ಸುತ್ತಿರುತ್ತದೆ. ಭೂಮಿ ಹುಟ್ಟಿದಾಗಿನಿಂದ ಸೂರ್ಯನನ್ನು ಸುತ್ತಿರುವುದು ಸುಮಾರು 450 ಕೋಟಿ ಸಲ ಮಾತ್ರ. ಆದರೂ ಸೌರಮಂಡಲಕ್ಕೊಂದು ರಚನೆ ಇದೆ ಎನ್ನಲು ನಾವು ಹಿಂದೆಮುಂದೆ ನೋಡುವುದಿಲ್ಲ. ಲೀಥಿಯಂ-11 ತನ್ನ ಮಟ್ಟಿಗೆ ದೀರ್ಘಾಯುಷಿಯೇ.

ವಿಲಕ್ಷಣ ನ್ಯೂಕ್ಲಿಯಸ್ ಎಂದು ಕರೆಯುವುದು ಇಂಥವನ್ನು: ಪ್ರೋಟಾನ್‌ಗಳಿಗೆ ಹೋಲಿಸಿದರೆ ನ್ಯೂಟ್ರಾನ್‌ಗಳು ವಿಪರೀತ ಹೆಚ್ಚು ಅಥವಾ ವಿಪರೀತ ಕಡಿಮೆ ಇರುವಂಥವು. ಸ್ಥಿರವಾಗಿ ಉಳಿಯುವ ನ್ಯೂಕ್ಲಿಯಸ್‌ಗಳು ಸುಮಾರು 250. ಪ್ರಯೋಗಾಲಯದಲ್ಲಿ ಈವರೆಗೆ ಕಂಡವು ಮೂರು ಸಾವಿರಕ್ಕೂ ಹೆಚ್ಚು. ಇರಲು ಸಾಧ್ಯವಿರುವವು ಸುಮಾರು ಏಳು ಸಾವಿರ ಎಂದು ಸಿದ್ಧಾಂತಿಗಳ ಅಂದಾಜು. ಪಠ್ಯಪುಸ್ತಕದಲ್ಲಿ ನಾವು ಓದಿದ ನಿಯಮಗಳೆಲ್ಲ ಬಹುಮಟ್ಟಿಗೆ ಆ 250ನ್ನು ನೋಡಿ ಬರೆದವು. ಅಂಗಳದಲ್ಲಿರುವ ಗಿಡಗಳನ್ನಷ್ಟೇ ನೋಡಿ ಕಾಡಿನ ಬಗ್ಗೆ ಬರೆದ ಹಾಗೆ.

ಇನ್ನು ಅಳೆಯುವ ವಿಚಾರ. ಭಾರವಾದ ಅಯಾನುಗಳನ್ನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳನ್ನು, ಬೆಳಕಿನ ಅರ್ಧ ವೇಗಕ್ಕೋ ಇನ್ನೂ ಹೆಚ್ಚಿಗೋ ಏರಿಸಿ, ಬೆರಿಲಿಯಂನಂಥ ಹಗುರ ಲೋಹದ ಬಿಲ್ಲೆಗೆ ಬಡಿಯುತ್ತಾರೆ. ಅಯಾನು ಒಡೆದು ಚೂರಾಗುತ್ತದೆ. ಚೂರುಗಳು ಅದೇ ವೇಗದಲ್ಲಿ ಮುಂದೆ ಹಾರುತ್ತವೆ. ದೊಡ್ಡ ಅಯಸ್ಕಾಂತಗಳ ಸಾಲು ಅವನ್ನು ಜರಡಿ ಹಿಡಿದಂತೆ ಬೇರ್ಪಡಿಸುತ್ತದೆ. ನೂರು ಮೀಟರ್ ದಾಟಲು ಒಂದು ಮೈಕ್ರೋಸೆಕೆಂಡ್ ಕೂಡ ಬೇಡವಾದ್ದರಿಂದ ಮಿಲಿಸೆಕೆಂಡ್ ಬದುಕುವ ಅತಿಥಿಯ ಆಯುಸ್ಸು ದಾರಿಯಲ್ಲಿ ಕರಗುವುದಿಲ್ಲ. ಇನ್ನೊಂದು ವಿಧಾನವೂ ಇದೆ. ದಪ್ಪ ಗುರಿಯೊಳಗೆ ಅವನ್ನು ಹುಟ್ಟಿಸಿ, ಕಾಯಿಸಿ, ಹೊರಗೆ ಸೂಸಿ ಬಂದದ್ದನ್ನು ಅಯಾನಾಗಿಸಿ ಹಿಡಿಯುವುದು. ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನ ಐಸೋಲ್ಡ್ ಕೇಂದ್ರದಲ್ಲಿ 1967ರಿಂದ ಇದೇ ಕಸುಬು.

ಅಯಸ್ಕಾಂತದ ಸಾಲಿನ ಕೊನೆಗೆ ನಾವು ನೋಡುವುದು ಒಂದು ಪರದೆ. ಅಡ್ಡ ಅಕ್ಷದಲ್ಲಿ ದ್ರವ್ಯರಾಶಿ ಮತ್ತು ವಿದ್ಯುದಾವೇಶದ ಅನುಪಾತ. ಅದು ಅಯಸ್ಕಾಂತದಲ್ಲಿ ಬಾಗಿದ ರೀತಿ ಮತ್ತು ಹಾರಾಟದ ಕಾಲದಿಂದ ಸಿಗುತ್ತದೆ. ಲಂಬ ಅಕ್ಷದಲ್ಲಿ ಪ್ರೋಟಾನ್ ಸಂಖ್ಯೆ. ಅದು ಶೋಧಕದಲ್ಲಿ ಬಿಟ್ಟುಹೋದ ಶಕ್ತಿಯಿಂದ. ಒಂದೊಂದು ನ್ಯೂಕ್ಲಿಯಸ್ ಬಂದಾಗಲೂ ಒಂದೊಂದು ಚುಕ್ಕಿ. ಸ್ವಲ್ಪ ಹೊತ್ತಿಗೆ ಚುಕ್ಕಿಗಳು ಗುಂಪುಗೂಡುತ್ತವೆ. ಲೀಥಿಯಂ ಸಾಲಿನಲ್ಲಿ 7, 8, 9 ಎಂದು ಮೂರು ಗುಂಪು ಒತ್ತಾಗಿ ಮೂಡುತ್ತವೆ. 10 ಇರಬೇಕಾದ ಜಾಗ ಖಾಲಿ. ಗಂಟೆಗಟ್ಟಲೆ ಕಾದರೂ ಖಾಲಿಯೇ. ಅದನ್ನು ದಾಟಿ 11ರಲ್ಲಿ ಮತ್ತೆ ಚುಕ್ಕಿಗಳು. ಹಲ್ಲು ಬಿದ್ದ ಮಗುವಿನ ನಗುವಿನಂತೆ ಆ ಸಾಲು. ನಾನು ಮೊದಲ ಸಲ ನೋಡಿದಾಗ ಶೋಧಕ ಕೆಟ್ಟಿದೆಯೆಂದೇ ಭಾವಿಸಿದ್ದೆ.

ಕೆಟ್ಟಿರಲಿಲ್ಲ. ಲೀಥಿಯಂ-9ಕ್ಕೆ ಒಂದು ನ್ಯೂಟ್ರಾನ್ ಕೂಡಿಸಿದರೆ ಅದು ನಿಲ್ಲದೆ ಕೂಡಲೇ ಉದುರುತ್ತದೆ. ಎರಡು ಕೂಡಿಸಿದರೆ ನಿಲ್ಲುತ್ತದೆ. ಎರಡು ನ್ಯೂಟ್ರಾನ್‌ಗಳನ್ನಷ್ಟೇ ಒಟ್ಟಿಗೆ ಬಿಟ್ಟರೆ ಅವೂ ಅಂಟಿಕೊಳ್ಳುವುದಿಲ್ಲ. ಮೂವರಲ್ಲಿ ಯಾವ ಇಬ್ಬರಿಗೂ ಹೊಂದಾಣಿಕೆಯಿಲ್ಲ, ಮೂವರೂ ಸೇರಿದರೆ ಮಾತ್ರ ಸಂಸಾರ. ಒಂದನ್ನು ಬಿಡಿಸಿದರೆ ಉಳಿದೆರಡೂ ಕಳಚಿಕೊಳ್ಳುವ ಮೂರು ಉಂಗುರಗಳ ಲಾಂಛನ ಇಟಲಿಯ ಬೊರೊಮಿಯೋ ಮನೆತನದ್ದು. ಹಾಗಾಗಿ ಇಂಥ ನ್ಯೂಕ್ಲಿಯಸ್‌ಗಳಿಗೆ ಬೊರೊಮಿಯನ್ ಎಂಬ ಹೆಸರು ಬಂದಿದೆ.

ಇದರ ಗಾತ್ರವನ್ನು ಅಳೆದ ಕಥೆ ನನಗೆ ಬಹಳ ಇಷ್ಟ, ಏಕೆಂದರೆ ಉಪಾಯ ಅಷ್ಟು ಸರಳ. 1985ರಲ್ಲಿ ಇಸಾವೊ ತನಿಹಾತಾ ಮತ್ತು ಸಂಗಡಿಗರು ಅಮೆರಿಕದ ಬರ್ಕ್ಲಿಯಲ್ಲಿ ಲೀಥಿಯಂ ಐಸೋಟೋಪ್‌ಗಳನ್ನು (ಪ್ರೋಟಾನ್ ಅಷ್ಟೇ ಇದ್ದು ನ್ಯೂಟ್ರಾನ್ ಸಂಖ್ಯೆ ಬೇರೆಯಾದವು) ಒಂದೊಂದಾಗಿ ಗುರಿಯ ಮೂಲಕ ಹಾಯಿಸಿದರು. ಎಷ್ಟು ಒಳಹೋದವು, ಎಷ್ಟು ಹಾನಿಯಿಲ್ಲದೆ ಹೊರಬಂದವು ಎಂದು ಎಣಿಸಿದರು, ಅಷ್ಟೇ. ದೇಹ ದೊಡ್ಡದಾದಷ್ಟೂ ಗುಂಪಿನಲ್ಲಿ ನುಸುಳುವಾಗ ಯಾರಿಗಾದರೂ ತಾಗುವ ಸಂಭವ ಹೆಚ್ಚು. ನ್ಯೂಕ್ಲಿಯಸ್‌ನ ತ್ರಿಜ್ಯ ಕಣಸಂಖ್ಯೆಯ ಘನಮೂಲಕ್ಕೆ ಅನುಗುಣವಾಗಿ ನಿಧಾನವಾಗಿ ಬೆಳೆಯುತ್ತದೆ ಎಂಬುದು ಹಳೆಯ ನಿಯಮ. 6ರಿಂದ 9ರವರೆಗಿನ ಲೀಥಿಯಂಗಳಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. 11ಕ್ಕೆ ಬಂದಾಗ ತ್ರಿಜ್ಯ ಒಮ್ಮೆಲೇ ಜಿಗಿಯಿತು. ಹನ್ಸೆನ್ ಮತ್ತು ಜಾನ್ಸನ್ ಎಂಬ ಇಬ್ಬರು 1987ರಲ್ಲಿ ಅರ್ಥ ಹೇಳಿದರು: ನಡುವೆ ಲೀಥಿಯಂ-9ರ ಗಟ್ಟಿ ತಿರುಳು, ಸುತ್ತ ಎರಡು ನ್ಯೂಟ್ರಾನ್‌ಗಳ ತೆಳುವಾದ ಪ್ರಭಾವಳಿ. ಸಾಮಾನ್ಯವಾಗಿ ಒಂದು ನ್ಯೂಟ್ರಾನನ್ನು ಕಿತ್ತುಹಾಕಲು ಎಂಟು ಮೆಗಾ ಎಲೆಕ್ಟ್ರಾನ್‌ವೋಲ್ಟ್ (ನ್ಯೂಕ್ಲಿಯಸ್‌ಗಳ ಶಕ್ತಿ ಅಳೆಯುವ ಮಾನ) ಆಸುಪಾಸಿನ ಶಕ್ತಿ ಬೇಕು. ಇಲ್ಲಿ ಎರಡನ್ನೂ ಸೇರಿಸಿ ಕೀಳಲು 0.37 ಸಾಕು. ಹಿಡಿತ ಅಷ್ಟು ಸಡಿಲವಾದ್ದರಿಂದ ಅವು ಬಲು ದೂರ ಹೋಗಿ ಸುಳಿದಾಡುತ್ತವೆ, ಸುಮಾರು ಸೀಸ-208ರ ನ್ಯೂಕ್ಲಿಯಸ್‌ನಷ್ಟು ವಿಸ್ತಾರಕ್ಕೆ. ಸೀಸದಲ್ಲಿರುವುದು ಹತ್ತೊಂಬತ್ತು ಪಟ್ಟು ಕಣಗಳು ಎಂಬುದನ್ನು ನೆನಪಿಡಿ.

ಒಂದೇ ಅಳತೆಯನ್ನು ನಂಬಿ ಯಾರೂ ಕೂರಲಿಲ್ಲ. ಲೀಥಿಯಂ-11ನ್ನು ಒಡೆದು, ಹಾರಿಬರುವ ಲೀಥಿಯಂ-9ರ ಸಂವೇಗವನ್ನು ನೋಡಿದಾಗ ಅದರ ಹರವು ತೀರಾ ಕಿರಿದಾಗಿತ್ತು. ಸ್ಥಾನದಲ್ಲಿ ಹರಡಿಕೊಂಡದ್ದು ಸಂವೇಗದಲ್ಲಿ ಕಿರಿದಾಗಬೇಕು ಎಂಬುದು ಹೈಸೆನ್‌ಬರ್ಗ್ ನಿಯಮ, ಎರಡೂ ತಾಳೆಯಾದವು. ಲೇಸರ್ ಹಾಯಿಸಿ ಪ್ರೋಟಾನ್‌ಗಳ ಹರವನ್ನಷ್ಟೇ ಅಳೆದಾಗ ಅದು ಲೀಥಿಯಂ-9ಕ್ಕಿಂತ ಸ್ವಲ್ಪವೇ ಹೆಚ್ಚಿತ್ತು. ಅಂದರೆ ಹಿಗ್ಗಿದ್ದು ನ್ಯೂಟ್ರಾನ್‌ಗಳ ಭಾಗವೇ. ಪುಸ್ತಕಗಳಲ್ಲಿ ನ್ಯೂಕ್ಲಿಯಸ್ ಎಂದರೆ ಕೆಂಪು ನೀಲಿ ಗೋಲಿಗಳ ಉಂಡೆ ಬರೆಯುವ ಚಿತ್ರ ನೋಡಿದಾಗೆಲ್ಲ ನನಗೆ ಇರುಸುಮುರುಸಾಗುವುದು ಈ ಕಾರಣಕ್ಕೇ.

ಎರಡನೆಯ ನಿಯಮ ಮುರಿದದ್ದು ಇನ್ನೂ ದೊಡ್ಡ ಸುದ್ದಿ. 2, 8, 20, 28, 50, 82, 126 ಎಂಬ ಮಾಂತ್ರಿಕ ಸಂಖ್ಯೆಗಳನ್ನು ಕೇಳಿರಬಹುದು. ಇಷ್ಟು ಪ್ರೋಟಾನ್ ಅಥವಾ ನ್ಯೂಟ್ರಾನ್ ಸೇರಿದಾಗ ಒಂದು ಕವಚ ಭರ್ತಿಯಾಗಿ ನ್ಯೂಕ್ಲಿಯಸ್ ವಿಶೇಷವಾಗಿ ಗಟ್ಟಿಯಾಗುತ್ತದೆ. ಮರಿಯಾ ಗೋಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸೆನ್ 1949ರಲ್ಲಿ ಇದನ್ನು ವಿವರಿಸಿ, 1963ರಲ್ಲಿ ಯೂಜೀನ್ ವಿಗ್ನರ್ ಜೊತೆ ನೊಬೆಲ್ ಪಡೆದರು. ಆದರೆ 1975ರಲ್ಲಿ ಸರ್ನ್‌ನಲ್ಲಿ ಸೋಡಿಯಂ ಐಸೋಟೋಪ್‌ಗಳನ್ನು ತೂಗಿದಾಗ, 20 ನ್ಯೂಟ್ರಾನ್‌ಗಳಿರುವ ಸೋಡಿಯಂ-31 ಲೆಕ್ಕಕ್ಕೆ ಸಿಗಲಿಲ್ಲ. ಅಷ್ಟೇ ನ್ಯೂಟ್ರಾನ್‌ಗಳಿರುವ ಮೆಗ್ನೀಸಿಯಂ-32ನ್ನು ಅಲುಗಿಸಿ ಮೊದಲ ಉದ್ರೇಕ ಸ್ಥಿತಿಗೆ ಏರಿಸಲು 0.89 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಸಾಕಾಯಿತು. ಕ್ಯಾಲ್ಸಿಯಂ-40ಕ್ಕೆ ಮೂರಕ್ಕಿಂತ ಹೆಚ್ಚು ಬೇಕು. ದುಂಡಗೆ ಗಟ್ಟಿಯಾಗಿ ಇರಬೇಕಾದದ್ದು ಉದ್ದುದ್ದವಾಗಿ, ಮೆತ್ತಗೆ ಇತ್ತು. ನ್ಯೂಟ್ರಾನ್‌ಗಳು ಕೆಳಗಿನ ಕವಚದಲ್ಲಿ ಜಾಗವಿದ್ದರೂ ಮೇಲಿನ ಕವಚಕ್ಕೆ ಹತ್ತಿ ಕುಳಿತಿದ್ದವು.

ಇದರ ಅತಿ ಚೆಂದದ ಉದಾಹರಣೆ ಆಮ್ಲಜನಕ. ಅದು ಹೆಚ್ಚೆಂದರೆ 16 ನ್ಯೂಟ್ರಾನ್‌ಗಳನ್ನು ಹಿಡಿದುಕೊಳ್ಳಬಲ್ಲದು. ಆ ಆಮ್ಲಜನಕ-24 ಸ್ವತಃ ಮಾಂತ್ರಿಕನಂತೆ ವರ್ತಿಸುತ್ತದೆ ಎಂದು 2009ರಲ್ಲಿ ತಿಳಿಯಿತು. ಹಳೆಯ ಪಟ್ಟಿಯಲ್ಲಿ 16 ಇಲ್ಲವೇ ಇಲ್ಲ! ಅತ್ತ ಆಮ್ಲಜನಕ-28ರಲ್ಲಿ ಪ್ರೋಟಾನ್ 8, ನ್ಯೂಟ್ರಾನ್ 20, ಎರಡೂ ಪಟ್ಟಿಯ ಸಂಖ್ಯೆಗಳು. ಹಳೆಯ ಲೆಕ್ಕದಲ್ಲಿ ಅದು ಕಲ್ಲಿನಂತಿರಬೇಕಿತ್ತು. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ ಫ್ಲೋರಿನ್-29ನ್ನು ದ್ರವ ಹೈಡ್ರೋಜನ್ ಮೂಲಕ ಹಾಯಿಸಿ, ಒಂದು ಪ್ರೋಟಾನನ್ನು ಹೊಡೆದುರುಳಿಸಿ ಅದನ್ನು ಹುಟ್ಟಿಸಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು: ಹುಟ್ಟಿದ ಕ್ಷಣವೇ ಆಮ್ಲಜನಕ-24 ಮತ್ತು ನಾಲ್ಕು ನ್ಯೂಟ್ರಾನ್‌ಗಳಾಗಿ ಚೆದುರಿತು. ವಿದ್ಯುದಾವೇಶವೇ ಇಲ್ಲದ ನಾಲ್ಕು ಕಣಗಳನ್ನು ಏಕಕಾಲಕ್ಕೆ ಹಿಡಿಯುವುದು ಎಂಥ ಸಾಹಸ ಎಂದು ನ್ಯೂಟ್ರಾನ್ ಶೋಧಕದ ಜೊತೆ ಹೆಣಗಿದವರಿಗೇ ಗೊತ್ತು. ನಿಮ್ಮ ಮೊದಲ ಸಂಶಯ ನಿಜವಾಗಿ ಸಲ್ಲುವುದು ಇಲ್ಲಿ. ಕೆಲವೇ ಸುತ್ತು ಸುತ್ತಿ ಚೆದುರುವುದನ್ನು ನ್ಯೂಕ್ಲಿಯಸ್ ಎನ್ನಬೇಕೇ ಬೇಡವೇ ಎಂದು ನಮ್ಮಲ್ಲೂ ಚರ್ಚೆಯಾಗುತ್ತದೆ. ನನ್ನ ಮಟ್ಟಿಗೆ, ಚೆದುರಿದ ಚೂರುಗಳ ಶಕ್ತಿಯನ್ನು ಕೂಡಿಸಿದಾಗ ಒಂದು ಖಚಿತ ಮೌಲ್ಯದಲ್ಲಿ ಶಿಖರ ಕಂಡರೆ, ಅಲ್ಲಿ ಏನೋ ಒಂದು ಇತ್ತು.

ಫ್ಲೋರಿನ್‌ನಲ್ಲಿರುವುದು ಆಮ್ಲಜನಕಕ್ಕಿಂತ ಒಂದೇ ಒಂದು ಹೆಚ್ಚು ಪ್ರೋಟಾನ್. ಆದರೆ ಅದು 22 ನ್ಯೂಟ್ರಾನ್‌ಗಳವರೆಗೆ ಹಿಡಿದುಕೊಳ್ಳುತ್ತದೆ. ಒಬ್ಬ ಬಂದದ್ದಕ್ಕೆ ಆರು ಜನರಿಗೆ ಜಾಗ! ಪ್ರೋಟಾನ್ ಮತ್ತು ನ್ಯೂಟ್ರಾನ್ ನಡುವಿನ ಸೆಳೆತ ಯಾವ ಕಕ್ಷೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಬದಲಾಗುತ್ತದೆ. ಜೊತೆಗೆ ಇಬ್ಬಿಬ್ಬರ ನಡುವಿನ ಬಲಗಳನ್ನು ಕೂಡಿಸಿದರೆ ಸಾಲದು, ಮೂರು ಕಣಗಳು ಒಟ್ಟಿಗಿದ್ದಾಗ ಮಾತ್ರ ಹುಟ್ಟುವ ಬಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಗ ಮಾತ್ರ ಆಮ್ಲಜನಕ 24ರಲ್ಲೇ ನಿಲ್ಲುವುದು ಸಮೀಕರಣದಿಂದ ಹೊರಬರುತ್ತದೆ.

ಪ್ರಯೋಜನ ಕೇಳಿದಿರಿ. ಲೀಥಿಯಂ-11ರಿಂದ ಯಾವ ಉಪಕರಣವೂ ತಯಾರಾಗುವುದಿಲ್ಲ. ಹಾಗೆ ಆಗುತ್ತದೆ ಎಂದು ಅನುದಾನದ ಅರ್ಜಿಯಲ್ಲಿ ಬರೆಯುವವರನ್ನು ನಾನು ನಂಬುವುದಿಲ್ಲ. ಆದರೆ ಚಿನ್ನ, ಪ್ಲಾಟಿನಂ ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಉತ್ತರ ಇದೇ ದಾರಿಯಲ್ಲಿದೆ. ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದಾಗ ನ್ಯೂಕ್ಲಿಯಸ್‌ಗಳು ಸೆಕೆಂಡಿನೊಳಗೆ ನ್ಯೂಟ್ರಾನ್ ಮೇಲೆ ನ್ಯೂಟ್ರಾನ್ ನುಂಗಿ ನಮ್ಮ ಪರದೆಯ ಬಲತುದಿಯ ಕಡೆಗೆ ಸಾಗುತ್ತವೆ. 2017ರ ಆಗಸ್ಟ್ 17ರಂದು ಅಂಥದ್ದೊಂದು ಡಿಕ್ಕಿಯನ್ನು ಗುರುತ್ವ ಅಲೆ ಮತ್ತು ಬೆಳಕು ಎರಡರಲ್ಲೂ ಕಂಡೆವು. 82 ಮತ್ತು 126 ನ್ಯೂಟ್ರಾನ್‌ಗಳಲ್ಲಿ ಆ ಪಯಣ ತಡೆಯುತ್ತದೆ. ಹಾಗೆ ತಡೆದದ್ದರಿಂದಲೇ ದ್ರವ್ಯಸಂಖ್ಯೆ 130 ಮತ್ತು 195ರ ಸುತ್ತ ಧಾತುಗಳು ಹೆಚ್ಚಾಗಿ ಸಿಗುತ್ತವೆ. 20 ಕೈಕೊಟ್ಟಂತೆ ದೂರದಲ್ಲಿ 82, 126 ಕೂಡ ಸಡಿಲವಾಗುತ್ತವೆಯೇ? ಅದರ ಮೇಲೆ ಚಿನ್ನದ ಲೆಕ್ಕ ನಿಂತಿದೆ. ಅಮೆರಿಕದ ಮಿಷಿಗನ್‌ನಲ್ಲಿ 2022ರಲ್ಲಿ ಶುರುವಾದ ಫ್ರಿಬ್, ಜರ್ಮನಿಯಲ್ಲಿ ಕಟ್ಟುತ್ತಿರುವ ಫೇರ್, ಈ ವೇಗವರ್ಧಕ ಕೇಂದ್ರಗಳೆಲ್ಲ ಆ ದೂರಕ್ಕೆ ಕೈಚಾಚಲೆಂದೇ ಇರುವವು.

ಇಂಥ ಕಡೆ ಎಷ್ಟು ಸಿಕ್ಕರೆ ಸಿಕ್ಕಿತು ಎನ್ನುತ್ತೀರಿ? ಒಮ್ಮೆ ರಾತ್ರಿ ಪಾಳಿಯಲ್ಲಿ ತವರದ ಸಾಲಿನ ಬಲತುದಿಯಲ್ಲಿ ನಿರೀಕ್ಷೆ ಮೀರಿ ಚುಕ್ಕಿಗಳು ಬೀಳತೊಡಗಿದವು. ಮೂವರೂ ಕುರ್ಚಿ ಬಿಟ್ಟೆದ್ದೆವು. ಬೆಳಗಿನ ಜಾವ ಹಿರಿಯರೊಬ್ಬರು ಬಂದು, ಕೋಟು ಕೂಡ ತೆಗೆಯದೆ ಹಲಗೆಯ ಮೇಲೆ ಎರಡು ಭಾಗಾಕಾರ ಬರೆದರು: 132ನ್ನು 50ರಿಂದ ಭಾಗಿಸಿದರೆ 2.640, 129ನ್ನು 49ರಿಂದ ಭಾಗಿಸಿದರೆ 2.633. ತವರದ ಪ್ರೋಟಾನ್‌ಗಳು 50. ತವರ-129 ತನ್ನ ಕೊನೆಯ ಎಲೆಕ್ಟ್ರಾನನ್ನು ಕಳೆದುಕೊಳ್ಳದೆ ಬಂದರೆ ಅದರ ಆವೇಶ 49 ಆಗಿ, ಪರದೆಯ ಮೇಲೆ ತವರ-132ರ ಮಗ್ಗುಲಲ್ಲೇ ಬಂದು ಕೂರುತ್ತದೆ. ನಮ್ಮ ಚುಕ್ಕಿಗಳಲ್ಲಿ ಹೆಚ್ಚಿನವು ಹೀಗೆ ವೇಷ ಹಾಕಿಕೊಂಡು ಬಂದ ಹಗುರ ತವರಗಳೇ. ಅವನ್ನೆಲ್ಲ ಹೊರಗಿಟ್ಟು, ವಾರ ಮುಗಿಯುವ ಹೊತ್ತಿಗೆ ನಾವು ಹುಡುಕುತ್ತಿದ್ದ ನ್ಯೂಕ್ಲಿಯಸ್ ಉಳಿದದ್ದು ಏಳು. ಆ ಏಳರ ಸಾವಿನ ಸಮಯಗಳನ್ನು ಸಾಲಾಗಿ ಬರೆದು ಅರ್ಧಾಯುಷ್ಯ ಲೆಕ್ಕ ಹಾಕಿದೆವು. ಅನಿಶ್ಚಿತತೆ ಉತ್ತರದ ಅರ್ಧದಷ್ಟಿತ್ತು. ಆದರೂ ಪ್ರಕಟಿಸಿದೆವು.